ಗಾಡಿಯಲ್ಲಿ ಮೊದಲು ಮಲಗಿದ್ದು

ಗಾಂಧಿ ಚೌಕದ ಮಕ್ಕಳ ಸಾಮಾನಿನ ಅಂಗಡಿಯಲ್ಲಿ, ತುಂಬಿದ ಗಿರಾಕಿಗಳ ಎದುರು, ನನ್ನ ಬೀಗತಿ ಕೈಚೀಲದೊಳಗಿಂದ ಖಾರ ಅರೆಯುವ ಗುಂಡಕಲ್ಲು ತೆಗೆದು ಕೌಂಟರ್ ಮೇಲಿಟ್ಟಾಗ ನನಗೆ ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು. ಬರೀ ಕಲ್ಲಾಗಿದ್ದರೂ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕೂಸಿಗೆ ತೊಡಿಸುವ ಹಾಗೆ ಕೆಂಪು ಕುಂಚಿಗೆ ತೊಡಿಸಿ, ಗದ್ದದ ಕೆಳಗೆ ಲಾಡಿ ಕಟ್ಟಿದ್ದರು. ಕಲ್ಲಿಗೆ ಗದ್ದ ಎಲ್ಲಿರುತ್ತದೆ ಅಂತ ಕೇಳಬೇಡಿ, ಅವರಿಗೆ ಸಿಕ್ಕಿತ್ತು.

"ಇದೇನ್ರಿ?" ಅಂದೆ.

"ಖಾಲಿ ಗಾಡಿ ದೂಡಬಾರದರಿ ಅಕ್ಕಾರ. ಮೊದಲ ಗುಂಡಪ್ಪ ಮಲಗಲಿ, ಆಮ್ಯಾಲ ಕೂಸು," ಅಂದರು.

ನಾನು ನಿವೃತ್ತಿಯಾಗುವ ತನಕ ಇದೇ ವಿಜಯಪುರದ ಶಾಲೆಗಳಲ್ಲಿ ವಿಜ್ಞಾನ ಕಲಿಸಿದವಳು. ಗಾಂಧಿ ಚೌಕದಲ್ಲಿ ಅರ್ಧ ಅಂಗಡಿಯವರು ನನ್ನನ್ನು 'ಅಕ್ಕೋರ', ಅಂದರೆ ಟೀಚರ್, ಅಂತ ಕರೆಯುತ್ತಾರೆ. ಅಂಥವಳ ಪಕ್ಕದಲ್ಲಿ ಕುಂಚಿಗೆ ತೊಟ್ಟ ಕಲ್ಲು.

ಗಾಡಿಯ ಮಾತು ತೆಗೆದವಳು ನನ್ನ ಮಗಳು. ಅವಳಿಗೆ ಆಪರೇಷನ್ ಆಗಿ ಹೆಣ್ಣುಕೂಸು ಹುಟ್ಟಿ ಮೂರು ತಿಂಗಳು ತುಂಬಿತ್ತು. ಐದನೇ ತಿಂಗಳಿಗೆ ಬಬಲೇಶ್ವರಕ್ಕೆ ಹೊರಡಬೇಕು. ಅಲ್ಲಿ ಅವಳಿಗೂ ಅಳಿಯನಿಗೂ ಬ್ಯಾಂಕಿನ ಕೆಲಸ, ಬಾಡಿಗೆ ಮನೆ. ಭಾರ ಎತ್ತಬೇಡ ಅಂತ ಡಾಕ್ಟರ್ ಹೇಳಿದ್ದರು. ಕೂಸೋ ದಿನದಿಂದ ದಿನಕ್ಕೆ ಭಾರವಾಗುತ್ತಿತ್ತು. ತವರಿನಿಂದ ತೊಟ್ಟಿಲು ಕೊಟ್ಟಾಗಿತ್ತು. "ತೊಟ್ಟಿಲಾ ಮನಿಯಾಗ ಇರತೈತಿ ಅವ್ವಾ. ಹೊರಗ ಹೋಗಬೇಕಾದ್ರ ಏನ್ ಮಾಡ್ಲಿ? ಕೂಸಿನ ಗಾಡಿ ಕೊಡಸು," ಅಂದಳು. ಗಾಡಿಯೂ ತೊಟ್ಟಿಲಿನ ತಂಗಿಯೇ ತಾನೆ ಅಂತ ಒಪ್ಪಿದೆ. ಬೀಗತಿಗೆ ಫೋನ್ ಮಾಡಿ "ನೀವೂ ಬರ್ರಿ" ಅಂದೆ. ಅದು ಬಾಯಿಮಾತಿನ ಉಪಚಾರ. ಅವರು ತಿಕೋಟಾದಿಂದ ಬಸ್ಸು ಹತ್ತಿ ಬಂದೇಬಿಟ್ಟರು. ಚೀಲದಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ. ರೊಟ್ಟಿ ಇರಬಹುದು ಅಂದುಕೊಂಡೆ.

ಕಲ್ಲಿನ ಶಾಸ್ತ್ರ ನನಗೆ ಗೊತ್ತಿಲ್ಲದ್ದೇನಲ್ಲ. ಹೆಸರಿಡುವ ದಿನ ನಮ್ಮ ಕಡೆ ತೊಟ್ಟಿಲಲ್ಲಿ ಮೊದಲು ಮಲಗುವುದು ಕೂಸಲ್ಲ, ಗುಂಡಕಲ್ಲು. ಒಬ್ಬರು ತೊಟ್ಟಿಲ ಮೇಲಿಂದ ಕೊಡುತ್ತಾರೆ, ಇನ್ನೊಬ್ಬರು ಕೆಳಗಿಂದ ಇಸಿದುಕೊಳ್ಳುತ್ತಾರೆ, ಹೆಂಗಸರೆಲ್ಲ ನಗುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಅಂತ ಕೆಲವರು ಹೇಳಿದರೆ, ಬರುವ ಪೀಡೆ ಕಲ್ಲಿಗೇ ತಾಗಿ ಹೋಗಲಿ ಅಂತ ಇನ್ನು ಕೆಲವರು. ಮನೆಯೊಳಗೆ ಅದೆಲ್ಲ ಚೆಂದ. ನಾನೂ ಚಪ್ಪಾಳೆ ತಟ್ಟಿದ್ದೆ. ಆದರೆ ಇದು ಬಜಾರು.

ಅಂಗಡಿಯಲ್ಲಿ ಗಾಡಿಗಳನ್ನು ನೋಡಿಯೇ ನಾನು ಅರ್ಧ ಬೆಚ್ಚಿಬಿದ್ದಿದ್ದೆ. ನನ್ನ ಮಗಳು ಬೆಳೆದದ್ದು ಹಳೆಯ ಸೀರೆಯ ಜೋಲಿಯಲ್ಲಿ. ಇಲ್ಲಿ ಒಂದಕ್ಕೆ ಬ್ರೇಕು, ಒಂದಕ್ಕೆ ಸೊಳ್ಳೆಪರದೆ, ಇನ್ನೊಂದಕ್ಕೆ ಮೊಬೈಲ್ ಇಡುವ ಗೂಡು. ಕೂಸಿಗೆ ಯಾಕ್ರಿ ಮೊಬೈಲ್ ಅಂದರೆ, ಅಂಗಡಿಯವರು "ಕೂಸಿಗಲ್ಲರಿ ಅಕ್ಕೋರ, ಅವರ ಅವ್ವಗ" ಅಂದರು.

ಬೀಗತಿಗೆ ಮೂಲೆಯಲ್ಲಿದ್ದ ಒಂದು ದೊಡ್ಡ ಗಾಡಿ ಹಿಡಿಸಿತು. ದಪ್ಪ ಗಾಲಿ, ದಪ್ಪ ಸರಳು, ಮಡಚುವುದಕ್ಕೆ ಇಬ್ಬರು ಬೇಕು.

"ಇದು ಘಟ್ಟಿ ಕಾಣತೈತ್ರಿ," ಅಂದರು.

"ಎತ್ತಿನ ಬಂಡಿ ಇದ್ದಂಗ ಐತಿ. ಬಸ್ಸಿನಾಗ ಹೆಂಗ ಏರಸೂದರಿ?" ಅಂದೆ.

"ಹೂಂರಿ," ಅಂದರು. ಅವರು ಯಾವಾಗಲೂ ಹೂಂರಿ ಅನ್ನುತ್ತಾರೆ. ನಾನು ಆರಿಸಿದ್ದು ಹಗುರವಾದ ನೀಲಿ ಗಾಡಿ. ಅಂಗಡಿಯವರು ಒಂದು ಗುಂಡಿ ಒತ್ತಿ ಒಂದೇ ಕೈಯಲ್ಲಿ ಅದನ್ನು ಮಡಚಿ ತೋರಿಸಿದರು, ಒಂದೇ ಕೈಯಲ್ಲಿ ಬಿಚ್ಚಿದರು. ನಾನು ಮರುಳಾದೆ. ಬೆಳಿಗ್ಗೆಯಿಂದ ಪ್ರತಿ ಮಾತೂ ನನ್ನದೇ ನಡೆದಿತ್ತು, ಇದೂ ನಡೆಯಿತು. "ಕೂಸಿನ್ನ ಮಲಗಸು, ಅಳತಿ ಗೊತ್ತಾಗಲಿ," ಅಂದೆ. ಮಗಳು ಕೂಸನ್ನು ಹಿಡಿದು ಗಾಡಿಯತ್ತ ಬಗ್ಗಿದಳು. ಆಗಲೇ ಬೀಗತಿ ಚೀಲಕ್ಕೆ ಕೈ ಹಾಕಿದ್ದು.

ನಾನು ದನಿ ತಗ್ಗಿಸಿ, ಇದನ್ನು ಒಳಗೆ ಇಡಿ, ಮಂದಿ ನೋಡುತ್ತಾರೆ ಅಂದೆ. ಅವರು ಗಾಡಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. "ಬ್ಯಾಡ್ರಿ ಅಕ್ಕಾರ. ಇದೊಂದ ಮಾತ ನಂದ ನಡೀಲಿ."

"ಇರ್ಲಿ ಬಿಡವ್ವಾ. ಒಂದ ಸುತ್ತ ಹಾಕಿ ತಗದ್ರ ಆತು," ಅಂದಳು ಮಗಳು. ಅವಳಿಗೂ ನಾಚಿಕೆಯಾಗಿತ್ತು.

ಕಲ್ಲನ್ನು ಗಾಡಿಯಲ್ಲಿ ಮಲಗಿಸಿದರು. ಎದೆಯ ಪಟ್ಟಿ ಮಾತ್ರ ಅದಕ್ಕೆ ಕೂಡಲಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲಿತ್ತು. ಸುತ್ತು ತಾನೆ ಬೇಕು ಅಂತ ಗಾಡಿಯನ್ನು ದೂಡಿಕೊಂಡು ಅಂಗಡಿಯ ಬಾಗಿಲು ದಾಟಿದೆ. ಬಾಗಿಲಿಗೂ ರಸ್ತೆಗೂ ನಡುವೆ ಒಂದು ಮೆಟ್ಟಿಲು. ಮುಂದಿನ ಗಾಲಿಗಳು ಅದರಿಂದ ಇಳಿದದ್ದೇ ತಡ, ಗಾಡಿ ಅಡಿಕೆ ಕತ್ತರಿಸುವ ಅಡಕೊತ್ತಿನ ಹಾಗೆ ಕಟಕ್ಕನೆ ಮಡಚಿಕೊಂಡಿತು. ಹಿಡಿ ನನ್ನ ಕೈಯಿಂದ ಕಿತ್ತುಹೋಯಿತು. ಕೆಂಪು ಕುಂಚಿಗೆ ಮುಂದಕ್ಕೆ ಚಿಮ್ಮಿ ರಸ್ತೆಯ ಮೇಲೆ ಬಿತ್ತು.

"ಯಪ್ಪಾ, ಕೂಸು ಬಿತ್ತಲೇ!" ಯಾರೋ ಕೂಗಿದರು.

ಒಂದು ಆಟೋ ಕಿರ್ರನೆ ನಿಂತಿತು. ಪಕ್ಕದ ಅಂಗಡಿಯಲ್ಲಿ ಬಳೆ ನೋಡುತ್ತಿದ್ದ ಬುರ್ಖಾ ತೊಟ್ಟ ಹೆಂಗಸೊಬ್ಬರು ಕೈಯಲ್ಲಿದ್ದ ಬಳೆ ಬಿಟ್ಟು ಓಡಿಬಂದು, ಎರಡೂ ಕೈಯಿಂದ ಅದನ್ನು ಬಾಚಿಕೊಂಡರು. ಭಾರಕ್ಕೆ ಅವರ ತೋಳು ಕೆಳಗೆ ಜಗ್ಗಿತು. ಕುಂಚಿಗೆ ಸರಿಸಿ ನೋಡಿದರು. ಅಲ್ಲೇ ರಸ್ತೆಯಲ್ಲೇ ಕುಳಿತುಬಿಟ್ಟರು.

"ಕಲ್ಲ ಐತಿ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗ ಬುದ್ಧಿ ಐತೇನ್ರಿ? ನನ್ನ ಜೀವ ಹೋಗಿತ್ತಲ್ರಿ," ಅಂದರು.

ಸುತ್ತ ನೆರೆದವರಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅದು ಕಲ್ಲು ಅಂತ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು, ಅದರ ಮೇಲೆ ಸಿಟ್ಟಾಗಿದ್ದವಳೇ ನಾನು. ಆದರೂ ಅದು ಬಿದ್ದಾಗ ನಾನು ಕಂಡದ್ದು ಕೂಸನ್ನೇ. ನನ್ನ ಮಾತು ನಡೆದಿದ್ದರೆ ಅಲ್ಲಿ ಬೀಳಬೇಕಾಗಿದ್ದದ್ದು ಅದೇ. ಬಿದ್ದಿದ್ದರೂ ಪುಣ್ಯ. ಪಟ್ಟಿ ಕಟ್ಟಿದ್ದರೆ ಬೀಳದೆ ಸರಳುಗಳ ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು. ಎರಡು ಸರಳು ಕೂಡಿಕೊಂಡ ಜಾಗದಲ್ಲಿ ನನ್ನ ಬೆರಳು ತೂರಿಸಿ ನೋಡಿದೆ, ತೂರಲಿಲ್ಲ.

ಮಗಳು ಅಂಗಡಿಯ ಬಾಗಿಲಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಆ ಹೆಂಗಸು ಎದ್ದು ಬಂದು ಕೂಸಿನ ತಲೆ ಸವರಿ ಬಳೆ ಅಂಗಡಿಯ ಕಡೆ ಹೋದರು.

ಅಂಗಡಿಯವರು ಗಾಡಿಯನ್ನು ತಿರುವಿ ಮುರುವಿ ನೋಡಿದರು. "ಒಂದ ಕಡೀ ಲಾಕ್ ಬಿದ್ದೈತ್ರಿ ಅಕ್ಕೋರ, ಇನ್ನೊಂದ ಕಡೀದು ಬಿದ್ದಿಲ್ಲ. ನೋಡಾಕ ಬಿದ್ದಂಗ ಕಾಣತೈತಿ," ಅಂದರು. ಬೇರೆ ದಿನವಾಗಿದ್ದರೆ ಅವರಿಗೆ ನಾಲಿಗೆಯಲ್ಲೇ ಚರ್ಮ ಸುಲಿಯುತ್ತಿದ್ದೆ.

ಇನ್ನು ಬೀಗತಿಯ ಮುಖ ನೋಡಬೇಕಲ್ಲ ಅಂತ ಒಳಗೆ ಹೋದೆ. ನಾ ಹೇಳಿರಲಿಲ್ಲವೇನ್ರಿ ಅನ್ನುತ್ತಾರೆ, ಅನ್ನಲಿ, ತಲೆ ಬಗ್ಗಿಸಿ ಕೇಳುತ್ತೇನೆ ಅಂದುಕೊಂಡಿದ್ದೆ. ಅವರು ನೆಲದ ಮೇಲೆ ಕುಳಿತು ಸ್ಟೂಲಿನ ಕಾಲು ಹಿಡಿದುಕೊಂಡು ಅಳುತ್ತಿದ್ದರು.

"ನಾ ಸುಮ್ನ ಶಾಸ್ತ್ರಕ್ಕ ತಂದಿದ್ನಿರಿ ಅಕ್ಕಾರ. ನನಗೇನ ಗೊತ್ತಿತ್ರಿ? ಕಲ್ಲ ಮರತ ಮನ್ಯಾಗ ಬಿಟ್ಟ ಬಂದಿದ್ನಿ. ಬಸ್ ಸ್ಟ್ಯಾಂಡಿನ್ಯಾಗ ನೆನಪಾತು. ಹೋಗ್ಲಿ ಬಿಡು ಅಂದ್ಕೊಂಡ್ನಿ. ಬಸ್ ತಡಾ ಆತು, ಅದಕ್ಕ ಹೊಳ್ಳಿ ಹೋಗಿ ತಂದ್ನಿ."

ನಾನೂ ಅವರ ಪಕ್ಕದಲ್ಲೇ ನೆಲದ ಮೇಲೆ ಕುಳಿತೆ. ಅವರ ಶಾಸ್ತ್ರಕ್ಕಾದರೂ ಒಂದು ತಿಳಿವಳಿಕೆ ಇತ್ತು ಅಂತ ನಂಬಲು ಆಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತಿಕೋಟಾದ ಬಸ್ಸು ಅವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದರೆ? ಈ ಪ್ರಶ್ನೆ ಈಗಲೂ ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ ಬಂದು ನಿಲ್ಲುತ್ತದೆ. ಕೈ ಹಾಗೇ ನಿಂತುಬಿಡುತ್ತದೆ.

ಕೊನೆಗೆ ತೆಗೆದುಕೊಂಡದ್ದು ಬೀಗತಿ ಮೆಚ್ಚಿದ ಆ ಎತ್ತಿನ ಬಂಡಿಯನ್ನೇ. ಅಂಗಡಿಯ ಮೆಟ್ಟಿಲ ಮೇಲೆ ಅದನ್ನು ಕಲ್ಲಿನ ಸಮೇತ ಹತ್ತಿಸಿ ಇಳಿಸಿ, ಅಲ್ಲಾಡಿಸಿ, ನಾನೇ ಅದರ ಮೇಲೆ ಭಾರ ಬಿಟ್ಟು ನೋಡಿದೆ. ಈಗ ಮಂದಿ ನೋಡುತ್ತಾರೆ ಅನ್ನುವ ನಾಚಿಕೆ ಇರಲಿಲ್ಲ. ಕೂಸನ್ನು ಮಲಗಿಸಲು ಮಾತ್ರ ಮಗಳು ಕೊಡಲಿಲ್ಲ, ನಾವೂ ಕೇಳಲಿಲ್ಲ. ಕೂಸು ತೋಳಲ್ಲಿ, ಕಲ್ಲು ಗಾಡಿಯಲ್ಲಿ, ಹಾಗೇ ಮನೆಗೆ ಬಂದೆವು. ಮಗಳು ಹೊರಡುವ ತನಕ ಗಾಡಿ ನಮ್ಮ ಪಡಸಾಲೆಯಲ್ಲೇ ನಿಂತಿತು, ಅದರಲ್ಲಿ ಕುಂಚಿಗೆ ಹೊದ್ದ ಕಲ್ಲು ಮಲಗಿತ್ತು. ಬಿದ್ದ ಪೆಟ್ಟಿಗೆ ಕಲ್ಲಿನ ಒಂದು ಅಂಚು ಚೂರು ಸಿಡಿದಿತ್ತು.

ಬಬಲೇಶ್ವರಕ್ಕೆ ಹೊರಡುವ ದಿನ ಬೀಗತಿ ಬಂದರು. ಗೇಟಿನ ಹೊರಗೆ ಬಾಡಿಗೆ ಕಾರು ನಿಂತಿತ್ತು. ಮಗಳು ಕೂಸನ್ನು ಹಿಡಿದುಕೊಂಡು ಗಾಡಿಯ ಮುಂದೆ ನಿಂತಳು. "ಇವತ್ತರ ಮಲಗಸೂಣು," ಅಂದಳು, ಆದರೆ ಬಗ್ಗಲಿಲ್ಲ.

ಬೀಗತಿ ಕಲ್ಲನ್ನು ಎತ್ತಿಕೊಂಡು ಚೀಲಕ್ಕೆ ಹಾಕಿದರು. "ನೀವ ಮಲಗಸ್ರಿ ಅಕ್ಕಾರ," ಅಂದರು.

ಎರಡೂ ಕಡೆಯ ಲಾಕು ಒತ್ತಿದೆ. ಮತ್ತೆ ಒತ್ತಿದೆ. ಕೂಸನ್ನು ಇಸಿದುಕೊಂಡು ಮಲಗಿಸಿದೆ. ಅದು ಕಣ್ಣು ಬಿಟ್ಟು ಗಾಡಿಯ ಮಾಡು ನೋಡುತ್ತ ಕಾಲು ಬಡಿಯಿತು. ಎಡಗೈಯಿಂದ ಹಿಡಿ ಹಿಡಿದು ದೂಡಿದೆ. ಬಲಗೈ ಅದರ ಬೆನ್ನಿನ ಕೆಳಗೇ ಉಳಿಯಿತು. ಹಾಗೇ ಬಗ್ಗಿಕೊಂಡು ಅಂಗಳ ದಾಟುತ್ತಿದ್ದೆ. ಆ ಕಡೆ ಬೀಗತಿಯೂ ಗಾಡಿಗೆ ಅಂಟಿಕೊಂಡು ಬರುತ್ತಿದ್ದರು.

"ಅವ್ವಾ, ಕೈ ತಗಿ. ಗಾಡಿ ಸೊಟ್ಟ ಹೊಂಟೈತಿ," ಅಂದಳು ಮಗಳು ಹಿಂದಿನಿಂದ.

"ಗೇಟಿನ ತನಕ ಇರ್ಲಿ," ಅಂದೆ.

ಗೇಟು ಬಂತು. ಕೈ ಎಳೆದುಕೊಳ್ಳಲು ಹೋದಾಗ ಕೂಸಿನ ಬೆನ್ನಿನ ಕೆಳಗೆ, ಆ ಕಡೆಯಿಂದ ಬಂದ ಬೀಗತಿಯ ಕೈ ನನ್ನ ಕೈಗೆ ತಾಗಿತು.