ಎಂಟನೆಯ ಅಪಾಯ

ಈ ಬೆಳಿಗ್ಗೆ ಬಸವನಗುಡಿಯ ಆಸ್ಪತ್ರೆಯೊಂದರಲ್ಲಿ ನನ್ನ ಕೈಗೊಂದು ಒಪ್ಪಿಗೆ ಫಾರಂ ಬಂತು. ನನ್ನ ಮೂಗಿನ ನಡುಗೋಡೆ ಹುಟ್ಟಿನಿಂದಲೇ ಡೊಂಕು. ನೆಟ್ಟಗೆ ಮಾಡಿಸಲು ಅರವತ್ತು ವರ್ಷ ಯೋಚಿಸಿದ್ದೇನೆ, ಆತುರದ ಮನುಷ್ಯನಲ್ಲ. ಆಪರೇಷನ್ನಿನಿಂದ ಆಗಬಹುದಾದ ಅನಾಹುತಗಳ ಪಟ್ಟಿ ಓದುತ್ತಾ ಹೋದಂತೆ ಡೊಂಕೇ ವಾಸಿ ಎನಿಸಿತು. ಅಷ್ಟರಲ್ಲಿ ಸ್ಪಿರಿಟ್ಟಿನ ವಾಸನೆ ಬಂತು, ಅದರ ಹಿಂದೆಯೇ ದೊಡ್ಡಮ್ಮನ ನೆನಪು.

ನೀವು ಅವರನ್ನು ನೋಡಿದ್ದರೆ ಮೊದಲು ಮೂಗುತಿ ಕಾಣುತ್ತಿತ್ತು, ಆಮೇಲೆ ದೊಡ್ಡಮ್ಮ. ಅವರಮ್ಮ ಹಾಕಿಸಿದ ಕೆಂಪು ಹರಳಿನದು, ಒಮ್ಮೆಯೂ ಬಿಚ್ಚಿದ್ದಿಲ್ಲ. ಆ ಮೂಗಿನೊಳಗೆ ಮಾಂಸ ಬೆಳೆದು, ಮಲಗಿದರೆ ಉಸಿರು ಕಟ್ಟಿ, ಎರಡು ವರ್ಷ ಕೂತೇ ನಿದ್ದೆ ಮಾಡಿದರು. ಆಗ ನನಗಿನ್ನೂ ಹರೆಯ; ಮನೆಯಲ್ಲಿ ಕೆಲಸವಿಲ್ಲದವನು ನಾನೊಬ್ಬನೇ ಎಂಬ ಸರ್ವಾನುಮತದ ತೀರ್ಮಾನದಂತೆ ಆಸ್ಪತ್ರೆಗೆ ಕರೆದೊಯ್ದವನು ನಾನು.

ಅಲ್ಲಿನ ಎಳೆಯ ಡಾಕ್ಟರು ಬೆರಳು ಮಡಿಚುತ್ತಾ ಏಳು ಅಪಾಯ ಹೇಳಿದರು. ರಕ್ತ ಸುರಿಯಬಹುದು, ನಂಜಾಗಬಹುದು, ವಾಸನೆ ಹೋಗಬಹುದು, ಮೇಲಿನ ಹಲ್ಲು ಜೋಮು ಹಿಡಿಯಬಹುದು, ನಡುಗೋಡೆಯಲ್ಲಿ ತೂತು ಬೀಳಬಹುದು, ಅಪರೂಪಕ್ಕೆ ಕಣ್ಣಿಗೆ, ಇನ್ನೂ ಅಪರೂಪಕ್ಕೆ ಮಿದುಳಿನ ಪೊರೆಗೆ ಪೆಟ್ಟಾಗಬಹುದು. ನಾನು ಕುರ್ಚಿಯನ್ನು ಭದ್ರವಾಗಿ ಹಿಡಿದುಕೊಂಡೆ.

"ತೂತಾ?" ಎಂದರು ದೊಡ್ಡಮ್ಮ. "ಹೊರಗಡೆ ಆಗ್ಲೇ ಒಂದಿದೆ ಕಣಪ್ಪಾ. ಐವತ್ತು ವರ್ಷದಿಂದ ಏನೂ ತೊಂದ್ರೆ ಕೊಟ್ಟಿಲ್ಲ. ಮುಂದಕ್ಕೆ ಹೇಳು."

"ಮೂಗುತಿ ತೆಗೀಬೇಕಮ್ಮಾ. ಗಾಯ ಒಣಗೋವರೆಗೂ ಹಾಕೋ ಹಾಗಿಲ್ಲ."

ದೊಡ್ಡಮ್ಮ ಎದ್ದು ನಿಂತರು. "ಅಷ್ಟರಲ್ಲಿ ತೂತು ಮುಚ್ಕೊಂಡ್ಬಿಟ್ರೆ? ಅದ್ಯಾಕೆ ನಿನ್ ಪಟ್ಟೀಲಿಲ್ಲ? ಮೊದ್ಲು ಪಟ್ಟಿ ರಿಪೇರಿ ಮಾಡು, ಮೂಗು ಆಮೇಲೆ."

"ದೊಡ್ಡಮ್ಮ, ಉಸಿರು ಮುಖ್ಯವೋ ಮೂಗುತಿಯೋ?" ಎಂದೆ ಮೆಲ್ಲಗೆ.

"ಎರಡೂ ಬೇಕು ಅಂತ್ಲೇ ಬಂದಿರೋದು. ಒಂದೇ ಸಾಕಾಗಿದ್ರೆ ಮನೇಲೇ ಇರ್ತಿದ್ದೆ."

ಡಾಕ್ಟರು ಬಗ್ಗಿ ಆ ಮೂಗುತಿಯನ್ನು ನೋಡಿದರು. ನಂತರ ಪೆನ್ನು ತೆಗೆದು ಫಾರಂನ ಕೊನೆಗೆ ಎಂಟನೆಯ ಅಪಾಯವನ್ನು ಸ್ವಹಸ್ತದಿಂದ ಬರೆದರು. "ಹೊಲಿಗೆ ಹಾಕೋ ನೈಲಾನ್ ದಾರ ಪೋಣಿಸ್ಬಿಡ್ತೀನಿ. ಮುಚ್ಚಲ್ಲ."

"ನಮ್ಮಲ್ಲಿ ಪರಕೆಕಡ್ಡಿ ಚುಚ್ತಾರೆ. ಹೋಗ್ಲಿ, ದಾರಾನೇ ಹಾಕು," ಎಂದು ಅಪ್ಪಣೆಯಾಯಿತು.

ಚಾಮರಾಜಪೇಟೆಯಿಂದ ಚಿನ್ನದ ಕೆಲಸದ ಆಚಾರ್ರು ಬಂದು, ಹಟ ಹಿಡಿದ ತಿರುಪಿಗೆ ಎಣ್ಣೆ ಬಿಟ್ಟು ಬಿಚ್ಚಿದರು. ಆಪರೇಷನ್ ಮುಗಿಯುವವರೆಗೂ ಮೂಗುತಿ ನನ್ನ ಮುಷ್ಟಿಯಲ್ಲಿತ್ತು. ಹರಳಿನ ಅಚ್ಚು ಅಂಗೈಯಲ್ಲಿ ಎರಡು ದಿನ ಉಳಿಯಿತು.

ಎಂಟರಲ್ಲಿ ಒಂದೂ ಆಗಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಆಚಾರ್ರು ದಾರ ತೆಗೆದು ಮೂಗುತಿ ಏರಿಸಿದರು. ಆ ಮಧ್ಯಾಹ್ನ ದೊಡ್ಡಮ್ಮ ಅಂಗಾತ ಮಲಗಿ, ಬಾಯಿ ಮುಚ್ಚಿ ನಿದ್ದೆ ಹೋದರು. ಬಾಯಿ ಮುಚ್ಚಿದ ದೊಡ್ಡಮ್ಮನನ್ನು ನೋಡಲು ಮನೆಮಂದಿಯೆಲ್ಲ ಬಾಗಿಲಲ್ಲಿ ಸೇರಿದ್ದೆವು.

"ಫಾರಂಗೆ ಸೈನ್ ಆಯ್ತಾ ಸಾರ್?" ನನ್ನ ಡಾಕ್ಟರು ಬಂದು ಕೇಳಿದರು.

"ಕೂತ್ಕೊಳ್ಳಿ ಡಾಕ್ಟ್ರೇ, ಕೇಳೋದಿದೆ," ಎಂದೆ. ಒಂದೊಂದೇ ಅಪಾಯ ಹಿಡಿದು ಅರ್ಧ ಗಂಟೆ ಪ್ರಶ್ನೆ ಕೇಳಿದೆ. ಹೆದರಿಕೆ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಆದರೆ ಸಹಿ ಗೆರೆ ದಾಟುವಷ್ಟು ದೊಡ್ಡದಾಗಿ ಬಂತು.