ಸದ್ದು ಉಂಟಾ?

ಕಾಪುವಿನ ನಮ್ಮ ಪಕ್ಕದ ಮನೆಯ ಅಕ್ಕ ಹಲಸಿನ ಸೊಳೆಗಳನ್ನು ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ಒಣಗಿಸಿ, ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಪೊಟ್ಟಣ ಕಟ್ಟುವ ಮೊದಲು ಒಂದು ಸೊಳೆಯನ್ನು ಕಿವಿಯ ಹತ್ತಿರ ಮುರಿದು, "ಸದ್ದು ಉಂಟಾ?" ಎಂದು ನನ್ನನ್ನೂ ಕೇಳುವರು. ಸದ್ದಿಲ್ಲದಿದ್ದರೆ ಒಳಗೆ ಪಸೆ ಉಳಿದಿದೆ ಎಂದರ್ಥ.

ಅಕ್ಕನ ಗಂಡ ಹಡಗಿನ ಕೆಲಸಕ್ಕೆ ಹೊರಟ ದಿನ ಕಾರು ಗೇಟಿನಲ್ಲಿ ಹಾರ್ನ್ ಹಾಕುತ್ತಿತ್ತು. ಅಕ್ಕನಿಗೆ ಏನೋ ಅನುಮಾನ. ಗಂಡನ ಬ್ಯಾಗಿನಿಂದ ಪೊಟ್ಟಣವೊಂದನ್ನು ತೆಗೆದು, ಕತ್ತರಿಸಿ, ಸೊಳೆ ಮುರಿಯಹೋದರು. ಅದು ಬಾಗಿತು.

"ವಿಮಾನ ತಪ್ತದೆ ಮಾರಾಯ್ತಿ!" ಎಂದು ಗಂಡ ರೇಗಿದರು.

"ನಡುಸಮುದ್ರದಲ್ಲಿ ಹೊಟ್ಟೆ ಕೆಟ್ಟರೆ ಎಂತ ಮಾಡ್ತೀರಿ?"

ಅಕ್ಕ ಒಂದೊಂದಾಗಿ ನಾಲ್ಕು ಪೊಟ್ಟಣಗಳನ್ನು ಕತ್ತರಿಸಿ ನೋಡಿ ಎಸೆದರು. ಕೊನೆಗುಳಿದ ಐದನೆಯದರ ಸೊಳೆ ಟಕ್ಕೆಂದಿತು. ಗಂಡ ಕೈ ಚಾಚಿದರು.

"ಮಳೆಗಾಲದ ಗಾಳಿ ತಾಗಿತಲ್ಲ, ಇನ್ನು ಇದೂ ಉಳಿಯುದಿಲ್ಲ. ಇಲ್ಲೇ ತಿನ್ನಿ."

ಹಾರ್ನಿನ ನಡುವೆ, ಇಬ್ಬರೂ ನಿಂತು ತಿನ್ನುವ ಸದ್ದು ನನಗೆ ಕೇಳಿತು.