ಅಪ್ಪನ ಕಟಿಂಗು, ದೂರದ ಕೋರ್ಟು

ನಮ್ಮೂರಿನ ಕಟಿಂಗ್ ಶಾಪಿನಲ್ಲಿ ನಮ್ಮ ಕೇರಿಯವರ ತಲೆ ಮುಟ್ಟುವುದಿಲ್ಲ. ಬಯ್ದು ಕಳಿಸುವುದೂ ಇಲ್ಲ. ನಾವು ಬಾಗಿಲಿಗೆ ಬಂದರೆ ಸಾಕು, ಬ್ಲೇಡ್ ಖಾಲಿಯಾಗಿರುತ್ತದೆ. ಅಪ್ಪ ಮೊದಲಿಂದಲೂ ಬಸ್ ಹತ್ತಿ ಜಗಳೂರಿಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುತ್ತಾನೆ. ಅದೇ ಜಗಳೂರಿನ ಕೋರ್ಟಿನಲ್ಲಿ ನಾನು ವಕೀಲೆ. ಸಾಯುವುದರೊಳಗೆ ಊರಿನ ಆ ಕುರ್ಚಿಯಲ್ಲಿ ಒಮ್ಮೆ ಕೂರಬೇಕೆಂಬುದು ಅವನ ಆಸೆ. ಹಾಗಾದರೆ ದೂರು ಕೊಡು ಎಂದು ಎಷ್ಟು ತಲೆ ತಿಂದರೂ, "ಕೊಟ್ರೆ ಏನಾಗತೈತವ್ವ, ಊರಾಗೆ ಬಾಳ್ವೆ ಮಾಡಬೇಕಲ್ಲ" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ವರ್ಷ ಹೊನ್ನಾಳಿಯ ಕಾಲೇಜೊಂದರವರು ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಮತ್ತು ಮಾನವ ಹಕ್ಕುಗಳ ಬಗ್ಗೆ ಮಾತಾಡಲು ಕರೆದರು. ನ್ಯಾಮತಿಯಲ್ಲಿರುವ ತನ್ನ ತಂಗಿಯನ್ನು ನೋಡಿದಂತಾಗುತ್ತದೆಂದು ಅಪ್ಪನೂ ಹೊರಟ. ನಾನು ಮುಚ್ಚುಮರೆಯಿಲ್ಲದೆ ಹೇಳಿದೆ: ಆ ಕೋರ್ಟಿಗೆ ತನ್ನದೇ ಪೊಲೀಸರಿಲ್ಲ, ಜನರನ್ನು ಕೊಲ್ಲಿಸಿದ ಆರೋಪ ಹೊತ್ತ ದೇಶದ ನಾಯಕನ ಮೇಲೆ ವಾರಂಟ್ ಹೊರಡಿಸುತ್ತದೆ, ಅವನು ತನ್ನ ಮನೆಯಲ್ಲಿ ಆರಾಮಾಗಿ ಕಾಫಿ ಕುಡಿಯುತ್ತಿರುತ್ತಾನೆ. ಹಿಂದಿನ ಸಾಲಿನಲ್ಲಿ ಕೂತು ಅಪ್ಪ ಎಲ್ಲವನ್ನೂ ಕೇಳಿದ.

ನ್ಯಾಮತಿ ಬಸ್ಸಿನಲ್ಲಿ ಅವನೇ ಮಾತು ತೆಗೆದ.

"ಹಂಗಾರೆ ಆ ವಾರಂಟಿಂದ ಅವನಿಗೆ ಏನೂ ಆಗಲ್ವೇನವ್ವ?"

"ಆ ಕೋರ್ಟನ್ನ ಒಪ್ಪಿರೋ ದೇಶಗಳಿಗೆ ಹೋಗಾಕೆ ಹೆದರ್ತಾನೆ. ಹೋದ್ರೆ ಹಿಡಿದ್ರೂ ಹಿಡೀಬಹುದು. ಅಷ್ಟೇ ಅಪ್ಪ."

"ಅಷ್ಟೇ ಅಂತೀಯ. ಒಂದು ಬಾಗಿಲಿಗೆ ಹೋಗಂಗಿಲ್ಲ ಅನ್ನೋದು ಹೆಂಗಿರತೈತೆ ಅಂತ ನನ್ನ ಕೇಳು. ನಮ್ಮೂರೋರಿಗೂ ಅಷ್ಟಾದ್ರೂ ಆಗ್ಲಿ. ದೂರು ಬರಿ. ಸಹಿ ಹಾಕ್ತೀನಿ."

ದೂರು ಹೋಯಿತು. ತಹಶೀಲ್ದಾರರು ಬಂದು ಶಾಂತಿ ಸಭೆ ಮಾಡಿದರು. ನಾಳೆಯಿಂದ ಎಲ್ಲರಿಗೂ ಕಟಿಂಗ್ ಎಂದು ಊರಿನ ಹಿರಿಯರು ತಲೆಯಾಡಿಸಿದರು, ಫೋಟೊ ತೆಗೆಸಿಕೊಂಡರು. ಮಾರನೆಯ ಬೆಳಿಗ್ಗೆ ಅಪ್ಪ ತೊಳೆದ ಅಂಗಿ ಹಾಕಿಕೊಂಡು ಹೋದರೆ ಅಂಗಡಿಗೆ ಬೀಗ. ಹಿರಿಯರೇ ಮುಚ್ಚಿಸಿದ್ದರು. ಅಂಗಡಿಯವನು ಚನ್ನಗಿರಿಯಲ್ಲಿರುವ ಹೆಂಡತಿಯ ತವರಿಗೆ ಹೋದವನು ತಿರುಗಿ ಬರಲಿಲ್ಲ.

ಈಗ ಊರಿಗೆ ಊರೇ ಕಟಿಂಗಿಗೆ ಜಗಳೂರಿನ ಬಸ್ ಹತ್ತುತ್ತದೆ. ಒಂದು ಸಂಜೆ ಅಪ್ಪ ನಗುತ್ತಾ ಬಂದ. ಅವನು ಜಗಳೂರಿನ ಕುರ್ಚಿಯಲ್ಲಿ ಕೂತಿದ್ದಾಗ, ಬೀಗ ಹಾಕಿಸಿದ ಹಿರಿಯರಲ್ಲೊಬ್ಬರಾದ ಗೌಡರೂ ಅಲ್ಲಿಗೆ ಬಂದಿದ್ದರಂತೆ. "ಕುಂದರ್ರಿ ಗೌಡ್ರೇ, ಈ ಯಜಮಾನ್ರದು ಮುಗೀಲಿ" ಎಂದು ಅಲ್ಲಿಯವನು ಕಾಯಿಸಿದನಂತೆ. ನಾನೂ ಹೊಟ್ಟೆ ತುಂಬ ನಕ್ಕೆ.

ಆದರೆ ಅಪ್ಪ ಈಗಲೂ ಬಸ್ಸಿಗೆ ಹೋಗುವಾಗ ಬೀಗ ಹಾಕಿದ ಆ ಅಂಗಡಿಯ ಮುಂದೆ ನಿಲ್ಲುತ್ತಾನೆ. ಬಾಗಿಲ ಸಂದಿಯಲ್ಲಿ ಇಣುಕಿ, ಕುರ್ಚಿ ಇನ್ನೂ ಒಳಗಿದೆಯೇ ಎಂದು ನೋಡುತ್ತಾನೆ.